ಖಳನ ವೇಷ ತೊಟ್ಟ ಜಟ್ಟಿ

1984ರ ಜನವರಿ 23ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಲ್ಕ್ ಹೋಗನ್ ಎಂಬ ಮೂವತ್ತರ ಯುವಕ, ನಲವತ್ತು ದಾಟಿದ ‘ಐರನ್ ಶೇಖ್’ನನ್ನು ಆರು ನಿಮಿಷದೊಳಗೆ ಸೋಲಿಸಿದ. ಜನ ಎದ್ದು ನಿಂತು ಕೂಗಿದರು. ಅಮೆರಿಕದ ವೃತ್ತಿಪರ ಕುಸ್ತಿ ಕೋಟಿಗಟ್ಟಲೆ ಡಾಲರಿನ ಉದ್ಯಮವಾಗಿ ಬೆಳೆದದ್ದು ಅಂದಿನಿಂದಲೇ ಎನ್ನುವವರಿದ್ದಾರೆ.

ಇಂತಹ ಕುಸ್ತಿಯಲ್ಲಿ ಗೆಲ್ಲುವವನಾರು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಹೋಗನ್‌ನ ಗೆಲುವು ನನಗೆ ಅಷ್ಟೇನೂ ಕುತೂಹಲದ ವಿಷಯವಲ್ಲ. ಕುತೂಹಲವಿರುವುದು ಸೋತವನ ಬಗ್ಗೆ.

ಅವನ ಹೆಸರು ಹುಸೇನ್ ಖುಸ್ರೋ ಅಲಿ ವಝೀರಿ. ಊರು ಇರಾನಿನ ದಮ್ಘಾನ್. ಅಲ್ಲಿ ‘ಝೂರ್‌ಖಾನೆ’ ಎಂಬ ಸಾಂಪ್ರದಾಯಿಕ ವ್ಯಾಯಾಮಶಾಲೆಗಳಿವೆ. ನಮ್ಮ ಗರಡಿಮನೆಗಳಲ್ಲಿ ಮುದ್ಗರ ತಿರುಗಿಸುವ ಹಾಗೆ ಅಲ್ಲಿಯೂ ಭಾರವಾದ ಮರದ ‘ಮೀಲ್’ಗಳನ್ನು ತಿರುಗಿಸುತ್ತಾರೆ. ವಝೀರಿಯ ಆದರ್ಶ, 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಗುಲಾಂ ರಝಾ ತಖ್ತಿ. 1968ರಲ್ಲಿ ತಖ್ತಿ ಟೆಹ್ರಾನಿನ ಹೊಟೇಲೊಂದರಲ್ಲಿ ಶವವಾಗಿ ಸಿಕ್ಕಿದ. ಸರಕಾರ ಆತ್ಮಹತ್ಯೆ ಎಂದಿತು, ಜನ ಷಾನ ಗುಪ್ತ ಪೊಲೀಸರ ಕಡೆ ಬೊಟ್ಟು ಮಾಡಿದರು. ಆ ಸಾವಿನ ನಂತರ ವಝೀರಿ ಅಮೆರಿಕಕ್ಕೆ ಹೋದ. 1971ರಲ್ಲಿ ಅಲ್ಲಿನ ರಾಷ್ಟ್ರೀಯ ಗ್ರೀಕೋ-ರೋಮನ್ ಕುಸ್ತಿಯಲ್ಲಿ ಚಿನ್ನ ಗೆದ್ದ, 1972ರಲ್ಲಿ ಅಮೆರಿಕದ ಒಲಿಂಪಿಕ್ ತಂಡಕ್ಕೆ ಸಹಾಯಕ ತರಬೇತುದಾರನಾದ. ಅಂದರೆ ಅಸಲಿ ಜಟ್ಟಿ.

ಆದರೆ ಅಸಲಿ ಕುಸ್ತಿಯಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಪ್ರದರ್ಶನ ಕುಸ್ತಿಗೆ ಬಂದವನಿಗೆ ಅರಬ್ ರುಮಾಲು, ತುದಿ ಸುರುಳಿಯಾದ ಬೂಟು, ‘ಶೇಖ್’ ಎಂಬ ಹೆಸರು ಸಿಕ್ಕಿದವು. ಇರಾನಿಯರು ಅರಬರಲ್ಲ ಎಂಬುದು ಟಿಕೆಟ್ ಮಾರುವವರಿಗೆ ಬೇಕಿರಲಿಲ್ಲ. ಇದು ಹೊಸ ವೇಷವೂ ಅಲ್ಲ. ಅವನಿಗಿಂತ ಮೊದಲೇ ‘ದಿ ಶೇಖ್’ ಎಂದು ಡೆಟ್ರಾಯಿಟ್‌ನಲ್ಲಿ ಕುಖ್ಯಾತನಾದ ಎಡ್ ಫರ್ಹಾತ್, ರಿಂಗಿನಲ್ಲಿ ಚಾಪೆ ಹಾಸಿ ನಮಾಝಿನ ಅಭಿನಯ ಮಾಡಿ, ಬಳಿಕ ಎದುರಾಳಿಯ ಮುಖಕ್ಕೆ ಬೆಂಕಿ ಎಸೆಯುತ್ತಿದ್ದ. ಆತ ಮಿಚಿಗನ್‌ನಲ್ಲಿ ಹುಟ್ಟಿದ ಲೆಬನಾನ್ ಮೂಲದ ಕ್ರೈಸ್ತ! ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವನು.

1979ರ ನವೆಂಬರಿನಲ್ಲಿ ಟೆಹ್ರಾನಿನ ಅಮೆರಿಕನ್ ರಾಯಭಾರ ಕಚೇರಿ ವಿದ್ಯಾರ್ಥಿಗಳ ವಶವಾಯಿತು. 52 ಮಂದಿ 444 ದಿನ ಒತ್ತೆಯಾಳುಗಳಾಗಿದ್ದರು. ಆ ಸಿಟ್ಟನ್ನು ಉದ್ಯಮ ನಗದು ಮಾಡಿಕೊಂಡಿತು. ವಝೀರಿ ಇರಾನಿನ ಬಾವುಟ ಬೀಸಿ, ಅಮೆರಿಕದ ಹೆಸರೆತ್ತಿ ಉಗುಳುತ್ತಿದ್ದ. ಜನ ಅವನಿಗೆ ಉಗುಳುತ್ತಿದ್ದರು. 1983ರ ಡಿಸೆಂಬರ್ 26ರಂದು ಅವನು ಬಾಬ್ ಬ್ಯಾಕ್ಲಂಡ್‌ನನ್ನು ಸೋಲಿಸಿ ಚಾಂಪಿಯನ್ ಆದದ್ದು ನಾಲ್ಕು ವಾರಗಳ ನಂತರ ಹೋಗನ್‌ಗೆ ಸೋಲುವುದಕ್ಕಾಗಿಯೇ. ಅವನ ‘ಒಂಟೆ ಪಟ್ಟಿ’ನಿಂದ ಯಾರೂ ಬಿಡಿಸಿಕೊಳ್ಳಲಾರರು ಎಂದು ನಂಬಿಸಲಾಗಿತ್ತು. ಹೋಗನ್ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಎದ್ದು ನಿಂತ. ಹೋಗನ್‌ನ ಕಾಲು ಮುರಿದರೆ ಲಕ್ಷ ಡಾಲರ್ ಕೊಡುತ್ತೇನೆಂದು ತನ್ನ ಹಳೆಯ ಗುರು ವರ್ನ್ ಗಾಗ್ನೆ ಆಮಿಷ ಒಡ್ಡಿದ್ದ ಎಂದು ವಝೀರಿ ಬಹಳ ವರ್ಷಗಳ ನಂತರ ಹೇಳುತ್ತಿದ್ದ. ನಿಜವೋ ಉತ್ಪ್ರೇಕ್ಷೆಯೋ, ಮುರಿಯುವ ವಿದ್ಯೆಯಂತೂ ಅವನಿಗಿತ್ತು. ಅವನು ಒಪ್ಪಿದಂತೆ ಬಿದ್ದ.

1987ರಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ಒಂದು ಕಾರು ತಡೆದರು. ಒಳಗಿದ್ದವರು ವಝೀರಿ ಮತ್ತು ರಿಂಗಿನಲ್ಲಿ ಅವನ ವೈರಿಯಾದ ದೇಶಭಕ್ತ ಜಿಮ್ ಡಗನ್. ಮಾದಕ ವಸ್ತು ಸಿಕ್ಕಿತೆಂಬುದು ಒಂದು ಹಗರಣ. ಜನ್ಮವೈರಿಗಳು ಜೊತೆಯಾಗಿ ಪ್ರಯಾಣಿಸುತ್ತಿದ್ದರೆಂಬುದು ಉದ್ಯಮಕ್ಕೆ ಅದಕ್ಕಿಂತ ದೊಡ್ಡ ಮುಜುಗರ. ಇಬ್ಬರೂ ಕೆಲಸ ಕಳೆದುಕೊಂಡರು.

1991ರಲ್ಲಿ ಕೊಲ್ಲಿ ಯುದ್ಧ ಬಂದಾಗ ವಝೀರಿಯನ್ನು ಮತ್ತೆ ಕರೆತರಲಾಯಿತು. ಈ ಬಾರಿ ಇರಾಕಿನ ಪಕ್ಷದ ಸೈನಿಕನಾಗಿ, ‘ಕರ್ನಲ್ ಮುಸ್ತಫಾ’ ಎಂಬ ಹೆಸರಿನಲ್ಲಿ. ಇರಾನ್ ಮತ್ತು ಇರಾಕ್ ಎಂಟು ವರ್ಷ ಕಾದಾಡಿ ಲಕ್ಷಾಂತರ ಮಂದಿಯನ್ನು ಕಳೆದುಕೊಂಡು ಆಗಿನ್ನೂ ಮೂರು ವರ್ಷವಾಗಿತ್ತು. ನೋಡುವವರಿಗೆ ವ್ಯತ್ಯಾಸವೇನೂ ಕಾಣಲಿಲ್ಲ. ವಝೀರಿ 2023ರ ಜೂನ್ 7ರಂದು ತೀರಿಕೊಂಡಾಗ ಸುದ್ದಿಯ ತಲೆಬರಹಗಳಲ್ಲಿ ಇದ್ದದ್ದು ಐರನ್ ಶೇಖ್ ಎಂಬ ಹೆಸರೇ.