‘ಜಿಂಜರ್’ ಪದದಲ್ಲಿ ಅಡಗಿರುವ ಬೇರು

ಶುಂಠಿಯನ್ನು ಸೂಚಿಸುವ ‘ಜಿಂಜರ್’ ಎಂಬ ಇಂಗ್ಲಿಷ್ ಪದದ ಮೂಲ ದ್ರಾವಿಡ ಭಾಷೆಗಳಲ್ಲಿದೆ ಎಂಬುದು ಭಾಷಾವಿಜ್ಞಾನಿಗಳು ಇಂದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ.

ಹಳೆಯ ಇಂಗ್ಲಿಷಿನಲ್ಲಿ ಈ ಪದವನ್ನು ‘ಗಿಂಗಿಫೆರ್’ ಎಂದು ಬರೆಯುತ್ತಿದ್ದರು. ಅದು ಬಂದದ್ದು ಲ್ಯಾಟಿನ್ನಿನಿಂದ. ಮುಂದೆ ಫ್ರೆಂಚ್ ರೂಪದ ಪ್ರಭಾವವೂ ಸೇರಿತು. ಲ್ಯಾಟಿನ್ ರೂಪದ ಹಿಂದೆ ಗ್ರೀಕ್‌ನ ‘ಜಿಂಗಿಬೆರಿಸ್’ ಇದೆ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಶುಂಠಿಯನ್ನು ಹೆಸರಿಸಿ, ಕೆಲವರು ಭಾವಿಸಿರುವಂತೆ ಅದು ಮೆಣಸಿನ ಗಿಡದ ಬೇರಲ್ಲ ಎಂದು ಸ್ಪಷ್ಟಪಡಿಸಿದ್ದಾನೆ. ಗ್ರೀಕರಿಗೆ ಪದ ದೊರೆತದ್ದು ಭಾರತದ ಪ್ರಾಕೃತ ರೂಪದಿಂದ. ಪಾಲಿಯಲ್ಲಿ ಅದು ‘ಸಿಂಗಿವೇರ’, ಸಂಸ್ಕೃತದಲ್ಲಿ ‘ಶೃಂಗವೇರ’.

ಶೃಂಗವೆಂದರೆ ಕೊಂಬು, ವೇರವೆಂದರೆ ದೇಹ. ಕೊಂಬಿನಾಕಾರದ ಗೆಡ್ಡೆಯಾದ್ದರಿಂದ ಈ ಹೆಸರು ಎಂಬ ವಿವರಣೆ ಬಹುಕಾಲ ಪ್ರಚಲಿತವಾಗಿತ್ತು. ಈ ಪದವೊಂದನ್ನೇ ಕುರಿತು ಇಂಗ್ಲೆಂಡಿನ ವಿದ್ವಾಂಸ ಅಲನ್ ರಾಸ್ 1952ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ತಮಿಳು, ಮಲಯಾಳಗಳಲ್ಲಿ ಶುಂಠಿಗೆ ‘ಇಂಜಿ’ ಎನ್ನುತ್ತಾರೆ; ‘ವೇರ್’ ಎಂದರೆ ಬೇರು. ಇವೆರಡೂ ಕೂಡಿದ ಪದವೇ ಉತ್ತರಕ್ಕೆ ಹೋಗಿ, ಸಂಸ್ಕೃತದಲ್ಲಿ ಕೊಂಬಿನ ಅರ್ಥಕ್ಕೆ ಹೊಂದಿಕೊಂಡಿತೆಂದು ವಿದ್ವಾಂಸರು ತರ್ಕಿಸುತ್ತಾರೆ.

ಹಾಗಾದರೆ ‘ಇಂಜಿ’ಯಲ್ಲಿ ಸಕಾರವೇಕಿಲ್ಲ? ದಕ್ಷಿಣದ ದ್ರಾವಿಡ ಭಾಷೆಗಳಲ್ಲಿ ಪದಾದಿಯ ಚಕಾರ ಅನೇಕ ಕಡೆ ಲೋಪವಾಗಿದೆ. ಕನ್ನಡದ ‘ಆರು’ ಎಂಬ ಸಂಖ್ಯೆಗೆ ಮಧ್ಯಭಾರತದ ಗೊಂಡಿಯಲ್ಲಿ ‘ಸಾರುಂಗ್’ ಎನ್ನುವುದು ಇದಕ್ಕೆ ನಿದರ್ಶನ. ‘ಇಂಜಿ’ಯೂ ಹೀಗೆಯೇ ಆದಿಯ ವ್ಯಂಜನವನ್ನು ಕಳೆದುಕೊಂಡ ರೂಪ, ಅದನ್ನು ಕಳೆದುಕೊಳ್ಳುವ ಮೊದಲೇ ಪದ ಉತ್ತರಕ್ಕೆ ಸಾಗಿತ್ತು ಎನ್ನಬಹುದು.

ಕನ್ನಡದಲ್ಲಿ ಬಳಕೆಯಲ್ಲಿರುವ ‘ಶುಂಠಿ’ ಸಂಸ್ಕೃತದಿಂದ ಬಂದದ್ದು. ಉತ್ತರ ಕರ್ನಾಟಕದಲ್ಲಿ ‘ಅಲ್ಲ’ ಎಂಬ ಹೆಸರೂ ಉಂಟು; ತೆಲುಗಿನ ‘ಅಲ್ಲಂ’ ಅದರ ಜ್ಞಾತಿಪದ. ‘ಇಂಜಿ’ ನಮ್ಮಲ್ಲಿ ರೂಢಿಯಲ್ಲಿಲ್ಲವಾದರೂ ‘ವೇರ್’ ಪದಕ್ಕೆ ಸಂವಾದಿಯಾದ ‘ಬೇರು’ ಇದೆ. ತಮಿಳಿನ ‘ವಿಲ್’ ಕನ್ನಡದಲ್ಲಿ ‘ಬಿಲ್ಲು’ ಆದಂತೆಯೇ ಇಲ್ಲಿಯೂ ವಕಾರ ಬಕಾರವಾಗಿದೆ.

ಧ್ವನಿಸಾಮ್ಯವೊಂದೇ ಪುರಾವೆಯಾಗದು. ಎಚ್ಚರಿಕೆಯಿಂದ ಎಂಬರ್ಥದ ಇಂಗ್ಲಿಷಿನ ‘ಜಿಂಜರ್ಲಿ’ಗೂ ಶುಂಠಿಗೂ ಸಂಬಂಧವಿಲ್ಲ. ‘ಶೃಂಗ’ದ ವಿವರಣೆ ಹಿಂದೆ ಸರಿದದ್ದು ಅಭಿಮಾನದ ಕಾರಣಕ್ಕಲ್ಲ, ಹಲವು ಭಾಷೆಗಳ ರೂಪಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಿಯಮಬದ್ಧ ಧ್ವನಿವ್ಯತ್ಯಾಸಗಳು ದ್ರಾವಿಡ ಮೂಲವನ್ನೇ ಬೆಂಬಲಿಸಿದ್ದರಿಂದ.