ಚಕ್ರದ ತೂಕ (ಸ್ಪೋರ್ಟ್ಸ್ ಕಾರು)

ಸ್ಪೋರ್ಟ್ಸ್ ಕಾರಿಗೆ ಹಗುರವಾದ ಚಕ್ರ ಹಾಕಬೇಕೋ ಭಾರವಾದುದನ್ನೋ ಎಂಬುದು ವಿನ್ಯಾಸಕಾರರು 1920ರ ದಶಕದಿಂದಲೂ ಎದುರಿಸುತ್ತ ಬಂದ ಪ್ರಶ್ನೆ. ಹಗುರ ಚಕ್ರದಿಂದ ಕಾರಿನ ಓಟ, ತಿರುವು, ಬ್ರೇಕು ಮೂರೂ ಸುಧಾರಿಸುತ್ತವೆ. ಆದರೆ ಗಟ್ಟಿತನ, ಬಾಳಿಕೆ, ಬೆಲೆ ಇವುಗಳಲ್ಲಿ ಒಂದನ್ನಾದರೂ ಬಿಟ್ಟುಕೊಡದೆ ತೂಕ ಇಳಿಯುವುದು ಅಪರೂಪ. ಈ ಲೇಖನದಲ್ಲಿ ಚಕ್ರವೆಂದರೆ ಟಯರನ್ನು ಬಿಟ್ಟು ಉಳಿದ ಭಾಗ: ರಿಮ್, ಹಬ್‌ಗೆ ಬಿಗಿಯುವ ನಡುಭಾಗ, ಇವೆರಡನ್ನು ಕೂಡಿಸುವ ಸ್ಪೋಕುಗಳು ಅಥವಾ ತಟ್ಟೆ.

ತೂಕದ ಪರಿಣಾಮ

ಕಾರಿನ ಒಡಲು ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ಚಕ್ರ, ಟಯರು, ಹಬ್, ಬ್ರೇಕ್ ಡಿಸ್ಕುಗಳಿಗೆ ಆ ಆಸರೆಯಿಲ್ಲ. ಇವುಗಳ ಭಾರವನ್ನು ಅನ್‌ಸ್ಪ್ರಂಗ್ ತೂಕ ಎನ್ನುತ್ತಾರೆ. ಉಬ್ಬು ಹತ್ತಿ ಮೇಲೆದ್ದ ಚಕ್ರವನ್ನು ಸ್ಪ್ರಿಂಗು ಮತ್ತೆ ನೆಲಕ್ಕೆ ಒತ್ತಬೇಕು. ಚಕ್ರ ಹಗುರವಾದಷ್ಟೂ ಅದೇ ಒತ್ತಡಕ್ಕೆ ಬೇಗ ಕೆಳಗಿಳಿಯುತ್ತದೆ. ಒಂದು ಮೂಲೆಯ ಅನ್‌ಸ್ಪ್ರಂಗ್ ತೂಕ 35 ಕಿಲೊ ಇದೆಯೆನ್ನಿ. ಒಂದು ಮಿಲಿಮೀಟರ್ ಅದುಮಲು ಟಯರಿಗೆ 200 ನ್ಯೂಟನ್, ಸ್ಪ್ರಿಂಗಿಗೆ 25 ನ್ಯೂಟನ್ ಬಲ ಬೇಕೆನ್ನಿ. ಆಗ ಚಕ್ರ ಸೆಕೆಂಡಿಗೆ ಸುಮಾರು 12.8 ಸಲ ಕುಣಿಯುತ್ತದೆ. ತೂಕದಲ್ಲಿ 4 ಕಿಲೊ ಇಳಿಸಿದರೆ ಇದು ಸುಮಾರು 13.6ಕ್ಕೆ ಏರುತ್ತದೆ. ಕಣ್ಣಿಗೆ ಇದು ಚಿಕ್ಕ ವ್ಯತ್ಯಾಸ. ಆದರೆ ತಿರುವಿನ ನಡುವೆ ರಸ್ತೆ ಒರಟಾಗಿದ್ದರೆ, ಟಯರಿನ ಮೇಲಿನ ಒತ್ತಡ ಎಷ್ಟು ಸಮನಾಗಿ ಉಳಿಯುತ್ತದೆ ಎಂಬುದರ ಮೇಲೆಯೇ ಹಿಡಿತ ನಿಂತಿರುತ್ತದೆ. ಹಗುರ ಚಕ್ರದ ನಿಜವಾದ ಲಾಭ ಇಲ್ಲಿದೆ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಈ ಲಾಭ ಬಹುಮಟ್ಟಿಗೆ ತಗ್ಗುತ್ತದೆ.

ವೇಗೋತ್ಕರ್ಷದ ಲಾಭವನ್ನು ಮಾತ್ರ ಹಿಗ್ಗಿಸಿ ಹೇಳುವುದು ರೂಢಿಯಾಗಿದೆ. ಚಕ್ರದಲ್ಲಿ ಒಂದು ಕಿಲೊ ಇಳಿಸುವುದು ಒಡಲಿನಲ್ಲಿ ನಾಲ್ಕೈದು ಕಿಲೊ ಇಳಿಸಿದ್ದಕ್ಕೆ ಸಮ ಎಂಬ ಮಾತನ್ನು ಲೆಕ್ಕ ಒಪ್ಪುವುದಿಲ್ಲ. ಚಕ್ರ ಮುಂದೆ ಸಾಗುವುದರ ಜೊತೆಗೆ ತಿರುಗಲೂ ಬೇಕು. ಹಾಗಾಗಿ ಅದರ ತೂಕಕ್ಕೆ ಎರಡು ಬಾರಿ ಬೆಲೆ ತೆರಬೇಕಾಗುತ್ತದೆ. ಎರಡನೆಯ ಬೆಲೆ ಎಷ್ಟೆಂಬುದನ್ನು ಲೋಹ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದು ನಿರ್ಧರಿಸುತ್ತದೆ. ಟಯರಿನ ತ್ರಿಜ್ಯ 30 ಸೆಂ.ಮೀ. ಇದ್ದು, ಇಳಿಸಿದ ಲೋಹ ಸರಾಸರಿ 18 ಸೆಂ.ಮೀ. ದೂರದಲ್ಲಿದ್ದರೆ, ಒಂದು ಕಿಲೊ 1.36 ಕಿಲೊಗೆ ಸಮ. ರಿಮ್ ಟಯರಿನ ಒಳಗೇ ಇರುವುದರಿಂದ ಈ ಸಂಖ್ಯೆ ಎಂದೂ 2ನ್ನು ಮುಟ್ಟುವುದಿಲ್ಲ. ನಾಲ್ಕು ಚಕ್ರಗಳಿಂದ ಒಟ್ಟು 8 ಕಿಲೊ ಇಳಿಸಿದರೆ 1,100 ಕಿಲೊ ಕಾರಿಗೆ ಸುಮಾರು 11 ಕಿಲೊ, ಅಂದರೆ ನೂರಕ್ಕೆ ಒಂದರಷ್ಟು ಉಳಿತಾಯ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ 8 ಸೆಕೆಂಡು ತೆಗೆದುಕೊಳ್ಳುವ ಕಾರಿಗೆ ಇದರಿಂದ ಸೆಕೆಂಡಿನ ಹತ್ತನೇ ಒಂದು ಭಾಗವೂ ಮಿಗುವುದಿಲ್ಲ.

ಲೋಹದ ದೂರವೂ ಲೆಕ್ಕಕ್ಕೆ ಬರುವುದರಿಂದ ರಿಮ್ಮಿನ ಅಳತೆಯೂ ಮುಖ್ಯ. ಟಯರಿನ ಹೊರ ಅಳತೆಯನ್ನು ಹಾಗೆಯೇ ಇಟ್ಟು 15 ಇಂಚಿನ ಬದಲು 17 ಇಂಚಿನ ಚಕ್ರ ಹಾಕಿದರೆ, ತೂಕ ಒಂದೇ ಆಗಿದ್ದರೂ ಲೋಹ ಅಂಚಿನತ್ತ ಸರಿದು ಚಕ್ರವನ್ನು ತಿರುಗಿಸುವ ಶ್ರಮ ಹೆಚ್ಚುತ್ತದೆ.

ಇತಿಹಾಸ

1924ರ ಆಗಸ್ಟಿನಲ್ಲಿ ಫ್ರಾನ್ಸಿನ ಲಿಯಾನ್ ಗ್ರಾಂಪ್ರಿಯಲ್ಲಿ ಬುಗಾಟಿ ಟೈಪ್ 35 ಮೊದಲು ಓಡಿತು. ಎಟೋರೆ ಬುಗಾಟಿ ಅದಕ್ಕೆ ಎಂಟು ಚಪ್ಪಟೆ ಸ್ಪೋಕುಗಳ ಅಲ್ಯೂಮಿನಿಯಂ ಎರಕದ ಚಕ್ರ ಹಾಕಿದ್ದರು. ಬ್ರೇಕ್ ಡ್ರಮ್ಮು ಚಕ್ರದ ಜೊತೆಗೇ ಎರಕಗೊಂಡಿತ್ತು. ಚಕ್ರ ಕಳಚಿದರೆ ಡ್ರಮ್ಮೂ ಜೊತೆಯಲ್ಲೇ ಹೊರಬಂದು, ಬ್ರೇಕ್ ಶೂಗಳು ಮೆಕ್ಯಾನಿಕ್‌ನ ಕಣ್ಣೆದುರೇ ಇರುತ್ತಿದ್ದವು. ಆ ಮೊದಲ ಪಂದ್ಯದಲ್ಲಿ ಟಯರುಗಳು ಕೈಕೊಟ್ಟವು. ಆದರೂ ಆ ಚಕ್ರವೇ ಮುಂದೆ ಕಾರಿನ ಗುರುತಾಗಿ ನಿಂತಿತು.

ಆದರೂ ತಂತಿ ಸ್ಪೋಕುಗಳ ಚಕ್ರ ಕೂಡಲೇ ಮರೆಯಾಗಲಿಲ್ಲ. ಮಿಲಾನಿನ ಬೊರ್ರಾನಿ ಕಂಪನಿಯ ತಂತಿ ಚಕ್ರಗಳು 1950ರ ದಶಕದಲ್ಲೂ ಫೆರಾರಿಗಳಲ್ಲಿ ಇದ್ದವು. ಟಯರು ಅಗಲವಾಗಿ ಹಿಡಿತ ಹೆಚ್ಚಿದಂತೆ ಪಕ್ಕದ ಒತ್ತಡಕ್ಕೆ ತಂತಿಗಳು ಬಾಗತೊಡಗಿದವು. ಜಾಗ್ವಾರ್ ಸಿ-ಟೈಪ್‌ನಲ್ಲಿ ತಂತಿ ಚಕ್ರವಿದ್ದರೆ, 1954ರ ಡಿ-ಟೈಪ್‌ಗೆ ಡನ್‌ಲಪ್‌ನ ರಂಧ್ರಗಳಿರುವ ಮಿಶ್ರಲೋಹದ ತಟ್ಟೆ ಚಕ್ರ ಬಂತು. ಆ ಕಾರು 1955ರಿಂದ 1957ರವರೆಗೆ ಸತತ ಮೂರು ವರ್ಷ ಲೆ ಮಾನ್ ಪಂದ್ಯ ಗೆದ್ದಿತು. ಆ ಗೆಲುವಿನಲ್ಲಿ ಚಕ್ರದ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು.

ತೂಕ ಇಳಿಸುವುದನ್ನೇ ವ್ರತವಾಗಿಸಿಕೊಂಡವರು ಬ್ರಿಟನ್ನಿನ ಕಾಲಿನ್ ಚಾಪ್‌ಮನ್. ಅವರ 1957ರ ಲೋಟಸ್ 12 ರೇಸ್ ಕಾರಿನ ಮೆಗ್ನೀಸಿಯಂ ಚಕ್ರದಲ್ಲಿ ಸ್ಪೋಕುಗಳೇ ಇರಲಿಲ್ಲ. ಹಬ್‌ನಿಂದ ರಿಮ್‌ವರೆಗೆ ಅಲೆಯಂತೆ ಏರಿಳಿಯುವ ತೆಳುವಾದ ಒಂದೇ ತಟ್ಟೆ. ಬಾಗಿದ ತಟ್ಟೆ ಅದೇ ದಪ್ಪದ ಚಪ್ಪಟೆ ತಟ್ಟೆಗಿಂತ ಹೆಚ್ಚು ಬಿಗಿ ಎಂಬ ಸರಳ ತತ್ವ ಅದರಲ್ಲಿ ದುಡಿದಿತ್ತು.

ರಸ್ತೆಯ ಕಾರಿನ ಮಟ್ಟಿಗೆ ದೊಡ್ಡ ತಿರುವೆಂದರೆ 1967ರ ಮಾದರಿಯ ಪೋರ್ಷೆ 911 ಎಸ್. ಜರ್ಮನಿಯ ಮೈನರ್ಟ್ಸ್‌ಹಾಗನ್‌ನ ಓಟೊ ಫುಕ್ಸ್ ಕಾರ್ಖಾನೆ ಅದಕ್ಕೆ ಅಲ್ಯೂಮಿನಿಯಂ ಮಿಶ್ರಲೋಹವನ್ನು ಭಾರೀ ಒತ್ತುಯಂತ್ರದಲ್ಲಿ ಬಡಿದು ಐದು ಎಸಳಿನ ಚಕ್ರ ಮಾಡಿಕೊಟ್ಟಿತು. ಅಂದಿನ ಎರಕದ ಚಕ್ರಗಳಲ್ಲಿ ಒಳಗೆ ಸೂಕ್ಷ್ಮ ಗಾಳಿಗುಳ್ಳೆ ಉಳಿಯುವ ಭಯವಿತ್ತು. ಬಡಿದ ಲೋಹದಲ್ಲಿ ಅದಿಲ್ಲದ ಕಾರಣ ತೆಳುವಾಗಿಸಿದರೂ ಬಲ ಉಳಿಯಿತು. 1996ರಲ್ಲಿ ಬಂದ ಜಪಾನಿನ ರೇಯ್ಸ್ (Rays) ಕಂಪನಿಯ ಟಿಇ37 ಚಕ್ರದ ಹೆಸರಿನ 37 ಎಂಬುದೇ 15 ಇಂಚಿನ ಮಾದರಿಯ 3.7 ಕಿಲೊ ತೂಕವನ್ನು ಸೂಚಿಸುತ್ತದೆ.

ನಾರು ಮತ್ತು ರಾಳದ ಚಕ್ರವನ್ನು 1970ರ ದಶಕದ ಆರಂಭದಲ್ಲೇ ಮಿಶೆಲಿನ್ ಕಂಪನಿ ಸಿಟ್ರೊಯೆನ್ ಎಸ್‌ಎಂ ಕಾರಿಗೆ ಒದಗಿಸಿತ್ತು. ಕಾರ್ಬನ್ ಚಕ್ರ ದೊಡ್ಡ ಪ್ರಮಾಣದಲ್ಲಿ ಬಂದದ್ದು 2015ರಲ್ಲಿ ಪ್ರಕಟವಾದ ಫೋರ್ಡ್ ಶೆಲ್ಬಿ ಜಿಟಿ350ಆರ್ ಜೊತೆಗೆ. ಆಸ್ಟ್ರೇಲಿಯದ ಕಾರ್ಬನ್ ರೆವಲ್ಯೂಷನ್ ತಯಾರಿಸಿದ ಈ ಚಕ್ರ ಸುಮಾರು 8 ಕಿಲೊ. ಅದೇ ಅಳತೆಯ ಅಲ್ಯೂಮಿನಿಯಂ ಚಕ್ರ ಸುಮಾರು 15 ಕಿಲೊ ಎಂದು ಫೋರ್ಡ್ ಹೇಳಿತ್ತು. ಬ್ರೇಕಿನ ಕಾವಿಗೆ ರಾಳ ಕೆಡದಂತೆ ಸ್ಪೋಕುಗಳ ಹಿಂಬದಿಗೆ ಸೆರಾಮಿಕ್ ಲೇಪ ಕೊಡಬೇಕಾಯಿತು.

ಲೋಹಗಳು

ಘನ ಸೆಂ.ಮೀ.ಗೆ ಉಕ್ಕು ಸುಮಾರು 7.8 ಗ್ರಾಂ, ಅಲ್ಯೂಮಿನಿಯಂ 2.7, ಮೆಗ್ನೀಸಿಯಂ 1.7 ಗ್ರಾಂ ತೂಗುತ್ತವೆ. ತೂಕದಷ್ಟೇ ಬಿಗಿಯೂ ಇಳಿಯುವುದರಿಂದ ಹಗುರ ಲೋಹವನ್ನು ದಪ್ಪವಾಗಿಸಬೇಕು. ಆದ್ದರಿಂದ ಉಳಿತಾಯ ಈ ಸಂಖ್ಯೆಗಳು ತೋರಿಸುವಷ್ಟಿಲ್ಲ. ಮೆಗ್ನೀಸಿಯಂ ಬೇಗ ತುಕ್ಕು ಹಿಡಿಯುವುದರಿಂದ ಅದರ ಬಳಕೆ ಹೆಚ್ಚಾಗಿ ರೇಸಿಗೆ ಸೀಮಿತ.

ಭಾರದ ಚಕ್ರದ ಪರವಾಗಿ

ಗುಂಡಿಗೆ ಬಿದ್ದಾಗ ಮೊದಲು ಏಟು ತಿನ್ನುವುದು ಸಾಮಾನ್ಯವಾಗಿ ರಿಮ್ಮಿನ ಅಂಚು. ಉಕ್ಕಿನ ಅಂಚು ಮಡಚಿಕೊಳ್ಳುತ್ತದೆ; ಬಡಿದು ನೇರ ಮಾಡಬಹುದು. ಬಡಿದು ಮಾಡಿದ ಅಲ್ಯೂಮಿನಿಯಂ ಬಹುಶಃ ಬಾಗೀತು. ಎರಕದ್ದು ಬಿರುಕು ಬಿಡುವ ಸಂಭವ ಹೆಚ್ಚು. ಒಳಬದಿಯ ಬಿರುಕು ಹೊರಗಿನಿಂದ ಕಾಣುವುದಿಲ್ಲ. ನಿಧಾನವಾಗಿ ಗಾಳಿ ಇಳಿಯುವುದೊಂದೇ ಸುಳಿವು. ಕಡಿಮೆ ಬೆಲೆಯ ಚಕ್ರ ಹಗುರವೂ ಆಗಿದ್ದರೆ, ಎಲ್ಲೋ ಲೋಹ ಉಳಿಸಿದ್ದಾರೆಂದೇ ಅನುಮಾನಿಸಬೇಕು.

ಆಯ್ಕೆ

ಮೊದಲು ಚಕ್ರದ ಮೇಲೆ ಅಚ್ಚೊತ್ತಿದ ಹೊರೆಯ ಮಿತಿಯನ್ನು ನೋಡಬೇಕು. ಆ್ಯಕ್ಸಲ್ಲಿನ ಗರಿಷ್ಠ ಭಾರದ ಅರ್ಧಕ್ಕಿಂತ ಅದು ಕಡಿಮೆ ಇರಕೂಡದು. ಜೊತೆಗೆ ಜಪಾನಿನ ಜೆಡಬ್ಲ್ಯುಎಲ್ ಅಥವಾ ಭಾರತದ ಎಐಎಸ್-073ರಂಥ ಮಾನದಂಡದ ಪರೀಕ್ಷೆಗಳಲ್ಲಿ ಅದು ಗೆದ್ದಿರಬೇಕು. ಆಮೇಲೆ ಬ್ರೇಕಿಗೆ ಎಡೆ ಕೊಡುವ ಅತಿ ಚಿಕ್ಕ ಅಳತೆಯನ್ನು ಆರಿಸಬೇಕು. ತೂಕವನ್ನು ಹೋಲಿಸುವುದು ಕೊನೆಗೆ, ಅದೂ ಟಯರು ಸೇರಿಸಿ ತೂಗಿ. ರಸ್ತೆ ಮತ್ತು ಟ್ರ್ಯಾಕು ಎರಡರಲ್ಲೂ ಓಡುವ ಕಾರಿಗೆ, ಬಡಿದು ಮಾಡಿದ ಅಲ್ಯೂಮಿನಿಯಂನ ಮಧ್ಯಮ ತೂಕದ ಚಕ್ರವೇ ಸದ್ಯಕ್ಕೆ ಸರಿಯಾದ ಆಯ್ಕೆ.