ಚೌಟರ ಅರಮನೆಯ ಎರಡು ಕಂಬಗಳು

ಊರಿನ ಆಡಳಿತ ನಡೆಯುವುದೆಲ್ಲಿ ಎಂದು ಕೇಳಿದರೆ ಇಂದು ನಾವು ಪುರಸಭೆಯನ್ನೋ ಪಂಚಾಯತ್ ಕಚೇರಿಯನ್ನೋ ತೋರಿಸುತ್ತೇವೆ. 300 ವರ್ಷಗಳ ಹಿಂದೆ ಮೂಡುಬಿದಿರೆಯಲ್ಲಿ ಕೇಳಿದ್ದರೆ ಚೌಟರ ಅರಮನೆಯನ್ನು ತೋರಿಸುತ್ತಿದ್ದರು.

ಸಾವಿರ ಕಂಬದ ಬಸದಿ ನೋಡಿ ಬಸ್ಸು ಹತ್ತುವವರೇ ಹೆಚ್ಚು. ಅರಮನೆಯವರೆಗೆ ಬಂದವರೂ ಮೊದಲು ಸ್ವಲ್ಪ ನಿರಾಸೆಪಡುತ್ತಾರೆ. ಮೈಸೂರಿನ ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಇಲ್ಲಿ ಗುಮ್ಮಟವೂ ಇಲ್ಲ, ಗೋಪುರವೂ ಇಲ್ಲ. ನಮ್ಮ ಗುತ್ತಿನ ಮನೆಗಳ ದೊಡ್ಡಣ್ಣನ ಹಾಗಿದೆ. ದೊಡ್ಡಸ್ತಿಕೆಯೆಲ್ಲ ಒಳಗಿನ ಮರದ ಕೆತ್ತನೆಯಲ್ಲಿ.

ಅದರಲ್ಲೂ ಎರಡು ಕಂಬಗಳನ್ನು ನಿಂತು ನೋಡಬೇಕು. ಒಂದರಲ್ಲಿ ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ. ಅದು ನವನಾರಿ ಕುಂಜರ. ಇನ್ನೊಂದರಲ್ಲಿ ಐವರು ಸೇರಿ ಕುದುರೆಯಾಗಿದ್ದಾರೆ. ಅದು ಪಂಚನಾರಿ ತುರಗ. ದೂರದಿಂದ ಪ್ರಾಣಿ, ಹತ್ತಿರ ಹೋದರೆ ಮುಖ, ಕೈ, ಕಾಲು. ಇಂಥ ಚಿತ್ರ ದೇಶದ ಬೇರೆ ಕಡೆಯೂ ಇದೆ. ಆದರೂ ಈ ಮನೆಯಲ್ಲಿ ಅದನ್ನು ನೋಡುವಾಗ ನಮಗೆ ಬೇರೊಂದು ನೆನಪಾಗುತ್ತದೆ.

ಚೌಟರು ಜೈನ ಅರಸರು. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆ ಅವರ ನೆಲೆಗಳು. ನೆರೆಯಲ್ಲಿ ವೇಣೂರಿನ ಅಜಿಲರು, ಬಂಗಾಡಿ-ನಂದಾವರದ ಬಂಗರು. ಚೌಟರದು ಅಳಿಯಸಂತಾನ, ಅಂದರೆ ಪಟ್ಟ ಇಳಿಯುವುದು ಹೆಣ್ಣಿನ ಕಡೆಯಿಂದ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಇದೇ ವಂಶದವಳು. ಅವಳಿಗೆ ಪಟ್ಟ ಕಟ್ಟಿದ್ದು ಸೋದರಮಾವ ತಿರುಮಲರಾಯ ಚೌಟ. ಹೆಂಗಸರೇ ಆನೆ ಕುದುರೆಯಾಗಿ ನಿಂತ ಕಂಬ ಅಂಥ ಮನೆಗೆ ಒಪ್ಪುತ್ತದೆ. ಕೆತ್ತಿದವನ ಮನಸ್ಸಿನಲ್ಲಿ ಇದೇ ಇತ್ತೆಂದು ನಾವು ಹೇಳುವುದಿಲ್ಲ.

ಕೆಳದಿಯವರು, 1763ರಲ್ಲಿ ಹೈದರಾಲಿ, 1799ರಲ್ಲಿ ಕಂಪನಿ ಸರಕಾರ. ಅಧಿಕಾರ ಕೈ ತಪ್ಪಿತು, ಮನೆ ಉಳಿಯಿತು.

ಉಳಿಯುವುದೇನೂ ಸುಲಭದ ಮಾತಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ನಂತರ ಕೂಡು ಕುಟುಂಬಗಳು ಪಾಲಾಗತೊಡಗಿದವು. ಜಾಗಕ್ಕೆ ಗಡಿ ಹಾಕಬಹುದು, ಚಾವಡಿಯನ್ನು ಪಾಲು ಮಾಡುವುದು ಹೇಗೆ? ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆ ಎಷ್ಟೋ ಹಳೆಯ ಮನೆಗಳನ್ನು ಬಿಚ್ಚಿ, ಕಂಬ, ತೊಲೆ, ಬಾಗಿಲುಗಳನ್ನು ಮರದ ರೇಟಿಗೆ ಮಾರಿದ್ದಾರೆ. ಮಾರಿದವರನ್ನು ದೂರುವಂತಿಲ್ಲ. ಒಂದು ಮಳೆಗಾಲ ಮಾಡು ಸೋರಿದರೆ ಗೆದ್ದಲು ಹತ್ತಲು ಅಷ್ಟೇ ಸಾಕು, ರಿಪೇರಿ ಗೊತ್ತಿರುವ ಆಚಾರಿಗಳೂ ಈಗ ಕಡಿಮೆ. ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ಅಂಥ ಕೆಲವು ಮನೆಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಅಲ್ಲಿ ನೋಡಲು ಚಂದ, ಆದರೆ ಒಲೆ ಉರಿಯುವುದಿಲ್ಲ.

ಚೌಟರ ಅರಮನೆಯ ಕಂಬಗಳು ಇನ್ನೂ ಇದ್ದಲ್ಲೇ ಇವೆ, ವಂಶದವರು ಅಲ್ಲೇ ವಾಸವಿದ್ದಾರೆ. ಹಾಗಾಗಿ ಹೋಗುವವರು ಹೊರಗೆ ನಿಂತು ಮನೆಯವರನ್ನು ಕೇಳಿ ಒಳಗೆ ಹೋಗಿ. ಫೋಟೊ ತೆಗೆಯುವ ಮೊದಲು ಆನೆಯಲ್ಲಿ ಒಂಬತ್ತೂ ಮುಖ ಸಿಗುತ್ತವೆಯೇ ಎಣಿಸಿ ನೋಡಿ.